ಸತ್ತಿಯಲ್ಲಿ ಕಳೆದುಹೋದ ತಮ್ಮ

ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸರು ಎಷ್ಟು ಮಂದಿಯೋ ಗೊತ್ತಿಲ್ಲ. ನಾನಂತೂ ಐವತ್ತು ದಾಟಿದ ಮೇಲೆ ಅವರ ಸಾಲಿಗೆ ಸೇರಿದೆ.

ಕಂಪನಿ ಸರ್ಕಾರ ಬಂದ ಹೊಸತರಲ್ಲಿ ಅಥಣಿ ಕಡೆಯ ಒಕ್ಕಲು ಮನೆಗಳು ಹೇಗೆ ಬಾಳಿದವು ಎಂಬುದನ್ನು ನಮ್ಮದೇ ಮನೆತನದ ವಂಶಾವಳಿ ಹಿಡಿದು ಬರೆಯಲು ಹೊರಟಿದ್ದೆ. ಹಿರಿಯರನ್ನು ಕೇಳುವುದು, ಅವರು ಹೇಳಿದ್ದನ್ನು ಹಳೆಯ ಜಮೀನು ದಾಖಲೆಗಳೊಂದಿಗೆ ತಾಳೆ ನೋಡುವುದು ನನ್ನ ಪದ್ಧತಿ. ಚಿಕ್ಕೋಡಿಯಿಂದ ಮೋಟಾರ್‌ಸೈಕಲ್ ಹತ್ತಿದರೆ ಸಾಕು, ಟೈರು ಪಂಕ್ಚರ್ ಆದೀತು, ನಾನು ಮುಟ್ಟುವುದರೊಳಗೆ ಮುದುಕರು ತೀರಿಕೊಂಡಾರು ಎಂಬ ಚಿಂತೆಗಳೂ ಹಿಂದೆ ಹತ್ತಿ ಕೂರುತ್ತಿದ್ದವು. ಆ ಸಲ ಅವುಗಳ ಜೊತೆ ಹೆಂಡತಿಯೂ ಕೂತಳು.

ನಮ್ಮ ಪೂರ್ವಜರ ಒಂದೇ ತಲೆಮಾರಿಗೆ ದಾಖಲೆಯಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು ಹೆಸರು ಸಿಕ್ಕಿತ್ತು. ಇಬ್ಬರು ಅಣ್ಣತಮ್ಮಂದಿರು ಎಂದು ತೀರ್ಮಾನಿಸಿದ್ದೆ. ಹೊಲವಿದ್ದದ್ದು ಅಣ್ಣನ ಹೆಸರಿಗೆ. ಹಾಗಾಗಿ ಹೊಲವನ್ನು ದಾಖಲೆಯಲ್ಲಿದ್ದವನಿಗೇ ಕಾಯಂ ಮಾಡಿದ ಕಂಪನಿಯ ಹೊಸ ಕಂದಾಯ ಪದ್ಧತಿ ತಮ್ಮನನ್ನು ಬೀದಿಗೆ ತಂದಿತು ಎಂದು ಇಡೀ ಲೇಖನ ಕಟ್ಟಿದ್ದೆ. ಮರುವಾರ ಅಥಣಿಯ ಕಾಲೇಜೊಂದರಲ್ಲಿ ಅದನ್ನೇ ಓದಬೇಕಿತ್ತು. ಆ ತಮ್ಮನನ್ನು ನೆನೆದು ಕಣ್ಣೀರು ಸಹ ಹಾಕಿದ್ದೆ.

ಅಥಣಿ ಕಡೆಯ ಸತ್ತಿ ಎಂಬ ಊರಿನಲ್ಲಿ ನಮ್ಮ ಬಳಗದ ಹಿರಿಯ ಅಜ್ಜಿ, ಆಯಿಯನ್ನು, ಮನೆಯ ಹಿರಿಯರ ಹೆಸರು ಕೇಳಿದೆ. ಆಕೆ ಗಂಡನ ಹೆಸರನ್ನೂ ಹೇಳಲಿಲ್ಲ, ಮಾವನ ಹೆಸರನ್ನೂ ಹೇಳಲಿಲ್ಲ. ಚಹಾ ಕುಡಿ ಎಂದಳು. ಅಷ್ಟರಲ್ಲಿ ಅಡುಗೆಮನೆ ಸೇರಿದ್ದ ನನ್ನ ಹೆಂಡತಿ, ಗಂಡನ ಹೆಸರನ್ನು ಪ್ರಾಸದಲ್ಲಿಟ್ಟು ಹೇಳುವ ಒಡಪೊಂದನ್ನು ಆಯಿಯ ಸೊಸೆಗೆ ಹೇಳುತ್ತಿದ್ದಳು. ಆಯಿ ನನ್ನ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಒಳಗೆ ನಗುವೋ ನಗು. ನನ್ನ ಯಾವ ಪ್ರಶ್ನೆಗೂ ಯಾರೂ ಹಾಗೆ ಅರಳಿದ್ದಿಲ್ಲ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಬಂದಳು. “ನೋಡ್ರಿ, ನಿಮ್ಮ ಆ ಅಣ್ಣತಮ್ಮ ಇಬ್ರು ಅಲ್ಲಂತ. ಒಬ್ಬಾಂವನ.”

ಆ ಪೂರ್ವಜನಿಗೆ ಅವನ ಅಜ್ಜನ ಹೆಸರಿಟ್ಟಿದ್ದರು. ಅದು ಹಡೆದವಳಿಗೆ ಮಾವನ ಹೆಸರು, ಮಾವನ ಹೆಸರನ್ನು ಸೊಸೆ ನುಡಿಯುವಂತಿಲ್ಲ. ಅವಳು ಬೇರೆ ಹೆಸರಿನಿಂದ ಕೂಗಿದಳು, ಊರೂ ಹಾಗೇ ಕೂಗಿತು; ದಾಖಲೆಗೆ ಹೋದದ್ದು ಮಾತ್ರ ಇಟ್ಟ ಹೆಸರು. ಯಾವ ಹೆಸರನ್ನು ನುಡಿಯಬಾರದು ಎಂದು ಪ್ರತಿ ಅತ್ತೆಯೂ ಹೊಸ ಸೊಸೆಗೆ ಹೇಳಿಕೊಡುತ್ತ ಬಂದದ್ದರಿಂದ ಈ ಸಂಗತಿ ಆಯಿಯವರೆಗೂ ಇಳಿದಿತ್ತು. ಇದು ನನಗೆ ಹೊಳೆಯಲಿಲ್ಲವಲ್ಲ! ನನ್ನ ಅವ್ವ ಒಂದು ದಿನವೂ ನನ್ನನ್ನು ಶಾಲೆಯ ಹೆಸರಿನಿಂದ ಕರೆದವಳಲ್ಲ.

“ಆಯಿಗೆ ವಯಸ್ಸಾಗೇತಿ, ಮರತಿರಬೇಕು,” ಎಂದೆ, ಹಾಗೇ ಆಗಿರಲಿ ಎಂದು ಬೇಡಿಕೊಳ್ಳುತ್ತ.

ಆಯಿ ಬಾಗಿಲಲ್ಲೇ ನಿಂತಿದ್ದಳು. “ತಮ್ಮಾ, ಆ ಮನಿಗೆ ಸೊಸಿಯಾಗಿ ಬಂದಾಕಿ ನಾನೋ, ನೀನೋ?”

ತಮ್ಮನನ್ನು ಅಳಿಸಿದೆ. ಅವನ ಜೊತೆ ಅರ್ಧ ಲೇಖನವೂ ಹೋಯಿತು. ಕಾಲೇಜಿನವರಿಗೆ ಫೋನ್ ಮಾಡಿ ವಿಷಯ ಬದಲಾಗಿದೆ ಎಂದು ಈ ಎರಡು ಹೆಸರಿನ ಕಥೆ ಹೇಳಿದರೆ, ಇದೇ ಚಲೋ ಐತ್ರಿ ಎಂದು ಹಿಗ್ಗಿದರು. ಕಂಡುಹಿಡಿದವರು ಯಾರು ಎಂದೂ ಕೇಳಿದರು. ನಮ್ಮ ಮನೆಯವರು ಎಂದೆ. ಹಾಗಾದರೆ ಅವರೇ ಮಾತಾಡಲಿ ಎಂದರು.

ಲೇಖನದ ಮೇಲೆ ಈಗ ಮೊದಲು ಅವಳ ಹೆಸರು, ಆಮೇಲೆ ನನ್ನದು. ಅಕ್ಷರ ಮಾತ್ರ ಒಂದೇ ಅಳತೆಯವು. ಅಷ್ಟನ್ನು ನಾನು ಬಿಟ್ಟುಕೊಡಲಿಲ್ಲ.