ಕೊನೆಯ ಮೂರು ಬಾವುಟ

ನನ್ನ ಗೆಳೆಯ ಮಂಜುಗಡ್ಡೆಯ ಮೇಲೆ ಹಾಯಿ ಬಿಚ್ಚಿ ಓಡಿದ್ದವನು. ನಾನು ಮಂಜುಗಡ್ಡೆಯನ್ನು ಫ್ರಿಜ್ಜಿನಲ್ಲಿ ಮಾತ್ರ ಕಂಡವನು.

ಅವನು ಮಂಗಳೂರಿನ ಕಡೆಯವನು, ಒಮಾನಿನ ಘಾಲಾದ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ನಾನು ಮೈಸೂರಿನವನು. ಇಂಜಿನಿಯರಿಂಗ್ ಓದಿ, ಅದೇ ರಸ್ತೆಯ ಆಫೀಸೊಂದರಲ್ಲಿ ಡ್ರಾಯಿಂಗ್ ಮಾಡಿಕೊಂಡಿದ್ದೆ. ಕಂಪನಿಯವರು ಅವನನ್ನು ತರಬೇತಿಗೆಂದು ಆರು ತಿಂಗಳು ಯಾವುದೋ ಚಳಿದೇಶಕ್ಕೆ ಕಳಿಸಿದ್ದರು. ಅಲ್ಲಿ ಕೆರೆ ಹೆಪ್ಪುಗಟ್ಟಿದಾಗ ಜೊತೆಯವರು ಇವನನ್ನು ಹಾಯಿ ಕಟ್ಟಿದ ಜಾರುಬಂಡಿಗೆ ಹತ್ತಿಸಿದರಂತೆ.

"ಅಡಿಯಲ್ಲಿ ಗಡ್ಡೆ ಗುಂಯ್ ಅಂತದೆ ಮಾರಾಯ. ಅದು ಹೇಳಿದ್ರೆ ಗೊತ್ತಾಗುವಂಥದ್ದಲ್ಲ" ಎನ್ನುತ್ತಿದ್ದ. ಆ ಮಾತು ಪ್ರತಿ ಸಲವೂ ನನಗೆ ಚುಚ್ಚುತ್ತಿತ್ತು.

ಒಮಾನಿನಲ್ಲಿ ಮಂಜುಗಡ್ಡೆ ಎಲ್ಲಿಂದ ತರುವುದು? ಇಬ್ರಿ ಊರಿನಿಂದ ಆಚೆ ಉಪ್ಪಿನ ಬಯಲುಗಳಿದ್ದವು. ಮೇಲೆ ಸಿಮೆಂಟಿನ ನೆಲದಂತೆ ಗಟ್ಟಿ, ಬಿಳಿ. ಕೆಲವು ಕಡೆ ಮಾತ್ರ ಆ ಪದರದ ಕೆಳಗೆ ಕಪ್ಪು ಕೆಸರು. ಅದರ ಮೇಲೆ ಓಡಿಸಲು ನಾವು ಮೂರು ಚಕ್ರದ ಹಾಯಿಗಾಡಿ ಮಾಡಿದೆವು. ಡ್ರಾಯಿಂಗ್ ನನ್ನದು, ವೆಲ್ಡಿಂಗ್ ಅವನದು. ನೋಡಿದವರೆಲ್ಲ ಅದನ್ನು "ಅವನ ಗಾಡಿ" ಎಂದೇ ಕರೆದರು.

ಓಡಿಸುವುದರಲ್ಲೂ ಅಷ್ಟೇ. ನಾನು ಗಾಳಿಯ ಲೆಕ್ಕ ಹಾಕುತ್ತ ಕೂತಿರುವಾಗ ಅವನು ಕೆನ್ನೆಯಲ್ಲೇ ಗಾಳಿಯನ್ನು ಓದಿ ಹೊರಟುಬಿಡುತ್ತಿದ್ದ. ಒಮ್ಮೆ ನನ್ನ ಮಗಳನ್ನೂ ಕರೆದೊಯ್ದಿದ್ದೆ. ಹೇಗಿತ್ತಮ್ಮ ಎಂದು ಕೇಳಿದರೆ, "ಅಂಕಲ್ ಈಸ್ ಫಾಸ್ಟರ್, ಪಪ್ಪಾ" ಅಂದಳು.

ಮಂಜುಗಡ್ಡೆಯ ಮೇಲೆ ಓಡಿಸುವವರಿಂದ ಅವನು ಎರಡು ಪಾಠ ತಂದಿದ್ದ. ಒಂದು, ಪದರ ಒಡೆದರೆ ಮಲಗಬೇಕು, ನಿಲ್ಲಬಾರದು. ಇನ್ನೊಂದು, ಮೊದಲು ಒಬ್ಬ ಕಬ್ಬಿಣದ ಸಲಾಕೆಯಿಂದ ನೆಲ ಚುಚ್ಚುತ್ತ ನಡೆಯಬೇಕು, ಗಟ್ಟಿ ಇದ್ದಲ್ಲಿ ಬಾವುಟ ನೆಡಬೇಕು. ಆದರೆ ಚುಚ್ಚಿದವನು ಮೊದಲು ಓಡಿಸುವ ಹಾಗಿಲ್ಲ. "ತನಗಾಗಿ ಚುಚ್ಚುವವ ಅರ್ಜೆಂಟ್ ಮಾಡ್ತಾನೆ. ಇನ್ನೊಬ್ಬನಿಗೆ ಅಂದ್ರೆ ಸರಿಯಾಗಿ ಚುಚ್ತಾನೆ" ಎನ್ನುವುದು ಅವನ ವಾದ.

ಆ ಗುರುವಾರ, ರಜೆಯ ದಿನ, ಚುಚ್ಚುವ ಸರದಿ ನನ್ನದು. ಜೀಪಿನಿಂದ ಸಾಮಾನು ಇಳಿಸುತ್ತ ಅವನು ಹೇಳಿದ: "ಕಂಪನಿಯವರು ಪುನಃ ಅಲ್ಲಿಗೇ ಕಳಿಸ್ತಾರಂತೆ. ಮೂರು ವಾರ. ಸರಿಯಾಗಿ ಕೆರೆ ಗಟ್ಟಿಯಾಗುವ ಟೈಮ್."

"ಒಳ್ಳೇದಾಯ್ತಲ್ಲ ಗುರು" ಅಂದೆ.

"ಎಂಥ ಒಳ್ಳೇದು. ನೀನು ಬಂದಿದ್ರೆ ಆಗ್ತಿತ್ತು."

ಅವನು ಅದನ್ನು ಮನಸ್ಸಿನಿಂದಲೇ ಹೇಳಿದ್ದ. ಅದನ್ನೇ ನನಗೆ ತಡೆಯಲಾಗಲಿಲ್ಲ. ಸಲಾಕೆ ಹಿಡಿದು ಹೊರಟೆ. ಹತ್ತು ಹೆಜ್ಜೆಗೊಮ್ಮೆ ಚುಚ್ಚಿದೆ, ಬಾವುಟ ನೆಟ್ಟೆ. ತಲೆಯಲ್ಲಿ ಆ ಕೆರೆಯೇ ಓಡುತ್ತಿತ್ತು. ಅವನು ಮತ್ತೆ ಅಲ್ಲಿ, ನಾನು ಮತ್ತೆ ಇಲ್ಲಿ. ಕೊನೆಗೆ ಮೂರು ಬಾವುಟ ಉಳಿದವು. ನೆಲ ಬೆಳ್ಳಗೆ ಚೆನ್ನಾಗಿಯೇ ಕಾಣುತ್ತಿತ್ತು. ಚುಚ್ಚದೆ, ಕಣ್ಣಳತೆಯಲ್ಲೇ ನೆಟ್ಟು ಬಂದೆ.

"ಆಯ್ತಾ?" ಅಂದ.

"ಖಲಾಸ್" ಅಂದೆ.

ಅವನು ನೇರ ಹೋಗಿ ಗಾಡಿ ಹತ್ತಿದ.

ಆಮೇಲಿನದು ಈಗಲೂ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಹಲ್ಲುಜ್ಜುವಾಗ ನನ್ನ ಮುಂದೆ ನಡೆಯುತ್ತದೆ. ಹಾಯಿ ಉಬ್ಬಿತು. ಗಾಡಿ ಬಾವುಟಗಳನ್ನು ಒಂದೊಂದಾಗಿ ದಾಟಿತು. ಕೂಗಬೇಕು ಅನ್ನಿಸಿತು, ಕೂಗಲಿಲ್ಲ. ಹಪ್ಪಳ ಮುರಿದಂಥ ಸಣ್ಣ ಸದ್ದು. ಮುಂದಿನ ಚಕ್ರ ನೆಲದೊಳಗೆ ಹೋಯಿತು, ಗಾಡಿ ಮಗುಚಿತು, ಅವನು ಹಾಯಿಯ ಆಚೆ ಹಾರಿ ಬಿದ್ದ. ಓಡಿದೆ. ಅವನು ಸೊಂಟದವರೆಗೆ ಕೆಸರಿನಲ್ಲಿದ್ದ, ಒಂದು ತೋಳು ಜೋತುಬಿದ್ದಿತ್ತು.

"ಮಲಗಿ ಬಾ ಮಾರಾಯ, ನಡ್ಕೊಂಡು ಬರ್ಬೇಡ. ನೀನೂ ಹೋಗ್ತಿ" ಎಂದ. ಅಂಥ ಹೊತ್ತಿನಲ್ಲೂ ನನಗೆ ಹೇಳಿಕೊಡುತ್ತಿದ್ದ.

ಟಾರ್ಪಾಲು ಹಾಸಿ, ಹೊಟ್ಟೆಯ ಮೇಲೆ ತೆವಳಿ, ಅವನ ಕಂಕುಳಿಗೆ ಹಗ್ಗ ಕಟ್ಟಿ ಜೀಪಿನಿಂದ ಎಳೆದೆ. ಹೊರಗೆ ಬರುವಾಗ ಅವನು ಒಂದೇ ಸಲ ಚೀರಿದ. ಹೆಗಲಿನ ಕಾಲರ್ ಬೋನ್ ಮುರಿದಿತ್ತು.

ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ, "ಬಾವುಟ ದಾಟಿ ಹೋದೆ, ನನ್ನದೇ ತಪ್ಪು" ಎಂದ. ಅವನು ದಾಟಿರಲಿಲ್ಲ. ಚಕ್ರ ಇಳಿದದ್ದು ಕೊನೆಯದಕ್ಕಿಂತ ಹಿಂದಿನ ಬಾವುಟದ ಪಕ್ಕದಲ್ಲೇ. ನಾನು ಸುಮ್ಮನಿದ್ದೆ. ಮೂರು ವಾರದ ಪ್ರಯಾಣ ರದ್ದಾಯಿತು ಎಂದು ಗೊತ್ತಾದಾಗ ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಬಂದದ್ದು ಆಮೇಲೆ.

ತೋಳು ಸರಿಯಾದ ಮೇಲೆ ಅವನು ನಿಯಮ ಬದಲಾಯಿಸಿದ. "ಇನ್ನು ಇಬ್ರೂ ಒಟ್ಟಿಗೆ ನಡೆಯುವ. ಒಬ್ಬನೇ ಅಂದ್ರೆ ಬೋರಾಗ್ತದೆ." ಸಲಾಕೆ ಯಾವಾಗಲೂ ನನ್ನ ಕೈಗೆ ಕೊಡುತ್ತಿದ್ದ, ಬಾವುಟ ತಾನು ಹಿಡಿಯುತ್ತಿದ್ದ. ನಾನು ಚುಚ್ಚಿದ ತೂತಿನಲ್ಲೇ ಅವನು ಬಾವುಟ ನೆಡುತ್ತಿದ್ದ. ಅವನಿಗೆ ಗೊತ್ತಿತ್ತೇ? ಕೇಳಬೇಕಾದರೆ ಮೊದಲು ನಾನು ಹೇಳಬೇಕಿತ್ತು. ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಎರಡು ಚಳಿಗಾಲ ಕಳೆದವು. ಅದರ ಮುಂದಿನ ಬೇಸಿಗೆಯಲ್ಲಿ ರಜೆಗೆ ಊರಿಗೆ ಹೋದವನು ಅಲ್ಲೇ ಹೃದಯಾಘಾತದಿಂದ ತೀರಿಕೊಂಡ.

ಅವನ ಹೆಂಡತಿ ಅಲ್ ಖೌದ್‌ನಲ್ಲಿದ್ದ ಅವರ ಫ್ಲ್ಯಾಟ್ ಖಾಲಿ ಮಾಡಲು ಬಂದಾಗ ನಾನು ಹೋದೆ. ರಟ್ಟಿನ ಪೆಟ್ಟಿಗೆಗಳ ನಡುವೆ ಕೂರಿಸಿ, ಒಳಗಿನಿಂದ ಆ ಸಲಾಕೆಯನ್ನು ತಂದರು.

"ಇದು ನಿಮಗೇ ಇರ್ಲಿ ಅಣ್ಣ. ನೀವು ಚುಚ್ಚಿದ ನೆಲದಲ್ಲಿ ಕಣ್ಣು ಮುಚ್ಚಿ ಹೋಗ್ಬಹುದು ಅಂತ ಇವರು ಎಲ್ಲರ ಹತ್ರ ಹೇಳ್ತಿದ್ರು."

ಸತ್ತ ಮೇಲೂ ಅವನೇ ದೊಡ್ಡವನಾಗುತ್ತಿದ್ದ. ಹೊಟ್ಟೆಕಿಚ್ಚಿನಿಂದಲೋ ಪಶ್ಚಾತ್ತಾಪದಿಂದಲೋ ಇವತ್ತಿಗೂ ಗೊತ್ತಿಲ್ಲ, ಹೇಳಿಬಿಟ್ಟೆ. ಮೂರು ಬಾವುಟ, ಚುಚ್ಚಲಿಲ್ಲ, ನೋಡುತ್ತ ನಿಂತಿದ್ದೆ, ಕೂಗಲಿಲ್ಲ.

ಅವರು ಪಕ್ಕದ ಪೆಟ್ಟಿಗೆಯ ಟೇಪನ್ನು ಒತ್ತಿ ಅಂಟಿಸಿದರು.

"ಇವರಿಗೆ ಹೇಳಿದ್ರಾ?"

"ಇಲ್ಲ."

"ಹೇಳಿದ್ರೆ ಇವರು ಬೈತಿರಲಿಲ್ಲ" ಅಂದರು.

"ಗೊತ್ತು. ಅದಕ್ಕೇ ಹೇಳಲಿಲ್ಲ."

ಅವರು ಎದ್ದು, ನನ್ನ ಮೊಣಕಾಲಿಗೆ ಒರಗಿಸಿದ್ದ ಸಲಾಕೆಯನ್ನು ವಾಪಸು ತೆಗೆದುಕೊಂಡರು. ಊರಿಗೆ ಹೋಗುವ ಸಾಮಾನಿನ ಜೊತೆ, ಅವನ ಹಳೆಯ ಚಳಿಕೋಟಿನಲ್ಲಿ ಸುತ್ತಿ ಕಟ್ಟಿದರು. ಆಮೇಲೆ ಚಾ ಕೊಟ್ಟರು. ಕುಡಿದು ಬಂದೆ.