ಹೆಸರು ಹೇಳದ ಔಷಧಿ

ಕೀಮೋ ಇನ್ನೆರಡು ಬಾಕಿ ಇದ್ದಾಗ ಅಣ್ಣ ತೆಲಿಗಿಯಿಂದ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಬಂದ. ಕೈಯಲ್ಲೊಂದು ಹಳೆಯ ಉಪ್ಪಿನಕಾಯಿ ಡಬ್ಬಿ, ಅದರ ತುಂಬ ಬೂದು ಬಣ್ಣದ ಪುಡಿ.

"ಚೀನಾದ ಬೇರು ಇದು. ಲ್ಯಾಬಿನಾಗ ಹಾಕಿದ ಕೂಡ್ಲೇ ಕ್ಯಾನ್ಸರ್ ಹುಳ ಸತ್ತಾವಂತ. ಮೊಬೈಲಿನಾಗ ನಾನ ನೋಡೀನಿ, ಹೆಂಗ ಮುದುಡಿಕೊಂಡು ಸಾಯ್ತಾವ ಅಂತೀ!"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕಾಯಿಲೆ ಬಂದ ಮೇಲೆ ರಜೆಯಲ್ಲಿದ್ದೆ, ನಾಲಿಗೆಗೆ ಮಾತ್ರ ರಜೆ ಕೊಟ್ಟಿರಲಿಲ್ಲ.

"ಹುಳ ಅಲ್ಲಣ್ಣ, ಜೀವಕೋಶ. ಅವೂ ನನ್ನವ. ಗಾಜಿನ ತಟ್ಟ್ಯಾಗಿಟ್ಟು ಸುರುವಿದ್ರ ಬ್ಲೀಚಿಂಗ್ ಪೌಡರಿಗೂ ಸಾಯ್ತಾವ. ನಾನೇನು ಗಾಜಿನ ತಟ್ಟೆನಾ?"

ಅವನು ಪಥ್ಯ ಹೇಳಿದ. ಹುಣಸೆ ಇಲ್ಲ, ಬದನೆ ಇಲ್ಲ, ಇಂಗ್ಲಿಷ್ ಔಷಧಿಯಂತೂ ಇಲ್ಲವೇ ಇಲ್ಲ. ಅಂದರೆ ಕೀಮೋ ನಿಲ್ಲಬೇಕು. ಬದನೆಕಾಯಿ ಬಿಟ್ಟೇನು, ಕೀಮೋ ಬಿಡಲಾರೆ. ಕೂದಲು, ಉಗುರು, ಬಾಯಿರುಚಿ ಎಲ್ಲ ಕೊಟ್ಟು ಇಷ್ಟು ದೂರ ಬಂದದ್ದು ಅರ್ಧ ದಾರಿಯಲ್ಲಿ ಇಳಿಯಲಿಕ್ಕಲ್ಲ.

ಬೇರಿನ ಹೆಸರು ಕೇಳಿದೆ. ಅಣ್ಣನ ಮುಖ ಗಂಭೀರವಾಯಿತು. ನಮ್ಮ ಕಡೆ ನಾಟಿ ಔಷಧಿ ಕೊಡುವವರು ಗಿಡದ ಹೆಸರು ಹೇಳುವುದಿಲ್ಲ. ಹೇಳಿದರೆ ಗುಣ ಹೋಗುತ್ತದಂತೆ. ಕೂಡ್ಲಿಗಿಯ ಹತ್ತಿರ ಈ ಪುಡಿ ಕೊಟ್ಟವನೂ ಅದನ್ನೇ ಹೇಳಿ ಕಳಿಸಿದ್ದ. ಗಿಡ ಚೀನಾದ್ದು, ಗುಟ್ಟು ಮಾತ್ರ ಕೂಡ್ಲಿಗಿಯದು!

ಗಿಡಮೂಲಿಕೆಯ ಮೇಲೆ ನನಗೆ ಹಗೆಯಿಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲಿ ನನಗೆ ಏರಿಸುತ್ತಿದ್ದ ಔಷಧಿಯೂ ಮೊದಲು ಸಿಕ್ಕಿದ್ದು ಒಂದು ಮರದ ತೊಗಟೆಯಲ್ಲಿ. ಚೀನಾದ ಬೇರುಗಳಲ್ಲೂ ಅಂಥದ್ದು ಸಿಗಬಹುದು, ಸಿಗಲಿ. ಆದರೆ ನನ್ನ ಔಷಧಿಗೆ ಹೆಸರಿತ್ತು, ಅಳತೆಯಿತ್ತು, ಅದರಿಂದ ಏನೇನು ತೊಂದರೆ ಆಗುತ್ತದೆಂದು ಮೊದಲೇ ಹೇಳಿದ ಡಾಕ್ಟರಮ್ಮ ಇದ್ದರು. ಅವರಿಗೇ ಫೋನು ಮಾಡಿ ಸ್ಪೀಕರ್ ಹಾಕಿದೆ.

"ತಟ್ಟೆಯಲ್ಲಿ ಕೋಶ ಸಾಯೋದು ಮೊದಲನೇ ಮೆಟ್ಟಿಲು ಕಣ್ರಿ. ಏನಂತ ಗೊತ್ತಿಲ್ಲದ್ದು ಈಗ ತಿಂದು ಲಿವರ್ ಕೆಟ್ರೆ ಕೀಮೋನೇ ನಿಲ್ಲಿಸಬೇಕಾಗುತ್ತೆ," ಅಂದರು.

ಅಣ್ಣ ಎಲ್ಲ ಕೇಳಿಸಿಕೊಂಡ. ಆದರೂ ಡಬ್ಬಿಯ ಮುಚ್ಚಳ ತೆಗೆದ.

"ಒಂದ ಚಮಚ, ತಂಗಿ. ನನ್ನ ಸಲುವಾಗಿ."

ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಮೈಯೊಳಗ ಬರೋದು ಹೆಸರು ಹೇಳಿ ಬರಬೇಕು. ಅಷ್ಟು ನಂಬಿಕಿ ಇದ್ರ ಮೊದಲು ನೀ ತಿನ್ನು!"

ಅವನು ಹಿಂದೆಮುಂದೆ ನೋಡಲಿಲ್ಲ. ಚಮಚ ತುಂಬಿಕೊಂಡು ಬಾಯಿಗೆ ಎತ್ತಿದ. ನಾನು ಎದ್ದ ರಭಸಕ್ಕೆ ತಲೆಗೆ ಕಟ್ಟಿದ್ದ ಬಟ್ಟೆ ಜಾರಿತು. ಅವನ ಕೈಗೆ ಹೊಡೆದೆ. ಪುಡಿಯೆಲ್ಲ ನೆಲಕ್ಕೆ ಚೆಲ್ಲಿತು.

"ಹುಚ್ಚೇನು ನಿನಗ? ಏನೈತೋ ಏನೋ ಅದರಾಗ! ನಿನಗೇನಾರ ಆದ್ರ ನಾ ಏನು ಮಾಡ್ಲಿ?"

"ಅದನ್ನ ನಾನೂ ಕೇಳಾಕತ್ತೀನಿ," ಅಂದ ಅಣ್ಣ. "ನಿನಗ ಈ ಬ್ಯಾನಿ ಬಂದಾಗಿನಿಂದ ಅದನ್ನ ಕೇಳಾಕತ್ತೀನಿ. ಯಾರೂ ಹೇಳವಲ್ರು."

ಪೊರಕೆ ತಂದು ಪುಡಿ ಗುಡಿಸಿದೆ. ಅವನನ್ನು ನೋಯಿಸಿದೆನಲ್ಲ ಅನ್ನಿಸಿತು. ಹಾಗಂತ ಒಂದು ಚಿಟಿಕೆಯನ್ನೂ ನಾಲಿಗೆಗೆ ಮುಟ್ಟಿಸಲಿಲ್ಲ.

"ಸೋಮವಾರ ಕೀಮೋ ಐತಿ," ಅಂದೆ. "ಬಂದು ನನ್ನ ಮಗ್ಗಲಕ ಕುಂದ್ರು. ಅದು ನಿನ್ನ ಕೈಲಾಗೋ ಔಷಧಿ."

"ಸೂಜಿ ಚುಚ್ಚೋದು ನನಗ ನೋಡಾಕ ಆಗಂಗಿಲ್ಲ."

"ನನಗೂ ಆಗಂಗಿಲ್ಲ. ಇಬ್ರೂ ಕಿಟಕಿ ಕಡೆ ನೋಡೋಣು."