ಎದುರಿಗಿದ್ದವರ ನೆನಪು

ಕುಡಿಯಲೆಂದು ಲೋಟಕ್ಕೆ ಬಗ್ಗಿಸಿಕೊಂಡ ಚಹಾವನ್ನು ಅಲ್ಲೇ ಮರೆತು, ಎಷ್ಟೋ ಹೊತ್ತಿನ ಮೇಲೆ ಎತ್ತಿ ತುಟಿಗೆ ಹಚ್ಚಿದಾಗ ಅದು ತಣ್ಣಗೆ ನಾಲಿಗೆಗೆ ತಾಗಿದ ಅನುಭವ ನಿಮಗೂ ಆಗಿರುತ್ತದೆ. ಆ ಬಿಸಿ ಎಲ್ಲಿ ಹೋಯಿತೆಂದು ಒಮ್ಮೆಯಾದರೂ ಯೋಚಿಸಿದ್ದೀರಾ? ಅದು ನಾಶವಾಗಿಲ್ಲ. ಲೋಟಕ್ಕಿಷ್ಟು, ಮೇಜಿಗಿಷ್ಟು, ಕೋಣೆಯ ಗಾಳಿಗಿಷ್ಟು, ಕಿಟಕಿಯಾಚೆಯ ಬೀದರಿನ ಕೆಂಪು ಮಣ್ಣಿಗಿಷ್ಟು ಹಂಚಿಹೋಗಿದೆ. ಪಡೆದುಕೊಂಡ ಕೋಣೆಗೆ ಮಾತ್ರ ಪಡೆದುಕೊಂಡದ್ದರ ನೆನಪಿಲ್ಲ. ಎಷ್ಟು ಹೊತ್ತು ಕಾದರೂ ಅದು ಆ ಬಿಸಿಯನ್ನು ಲೋಟಕ್ಕೆ ಮರಳಿಸುವುದಿಲ್ಲ.

ಬೀದರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ ಆಯುಷ್ಯದ ಬಹುಭಾಗ ಕಳೆದವಳು ನಾನು. ಸೇವೆಯ ಕೊನೆಯ ವರ್ಷಗಳಲ್ಲಿ ನನ್ನನ್ನು ಬಿಡದೆ ಹಿಡಿದುಕೊಂಡ ವಿಷಯವೊಂದಿತ್ತು. ಪರಮಾಣುವಿನಷ್ಟು ಸೂಕ್ಷ್ಮವಾದ ಒಂದು ಕ್ವಾಂಟಮ್ ವ್ಯವಸ್ಥೆ ಎಂದೂ ಒಂಟಿಯಾಗಿರುವುದಿಲ್ಲ; ತನ್ನ ಗುಟ್ಟುಗಳನ್ನು ಅದು ಸುತ್ತಲಿನ ಪರಿಸರಕ್ಕೆ ಸದಾ ಸೋರಿಸಿಕೊಳ್ಳುತ್ತಿರುತ್ತದೆ. ಪರಿಸರ ಮರೆಗುಳಿಯಾದರೆ ಸೋರಿದ್ದು ಸೋರಿಯೇ ಹೋಯಿತು, ಚಹಾದ ಬಿಸಿಯ ಹಾಗೆ. ಆದರೆ ಕೆಲವು ಪರಿಸರಗಳಿಗೆ ನೆನಪಿರುತ್ತದೆ. ಅವು ಪಡೆದುಕೊಂಡದ್ದನ್ನು ಕೆಲಕಾಲ ತಮ್ಮೊಳಗೆ ಇಟ್ಟುಕೊಂಡು, ನಾವು ಆಸೆ ಬಿಟ್ಟ ಹೊತ್ತಿನಲ್ಲಿ ಹಿಂದಿರುಗಿಸುತ್ತವೆ. ಇನ್ನೂ ವಿಚಿತ್ರವೆಂದರೆ, ವ್ಯವಸ್ಥೆ, ಪರಿಸರ ಎರಡೂ ಮೊದಲಿನಿಂದಲೇ ಒಂದಕ್ಕೊಂದು ಹೆಣೆದುಕೊಂಡಿದ್ದರೆ, ಜೋಡಿಯ ಬಗ್ಗೆ ಎಲ್ಲವೂ ಗೊತ್ತಿದ್ದೂ ಒಂದೊಂದರ ಬಗ್ಗೆ ಏನೂ ಗೊತ್ತಿಲ್ಲದಿರಬಹುದು. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಬಿಟ್ಟೆ. ಮನುಷ್ಯರು ಪರಮಾಣುಗಳಲ್ಲ, ಬಲ್ಲೆ. ಆದರೂ ಔರಾದ ಕಡೆಯ ಒಂದು ಹಳ್ಳಿ, ಅಲ್ಲಿನ ತುಳಜಮ್ಮತ್ತೆಯ ಮನೆ, ಆ ಮನೆಗೆ ಬಂದ ಹೆಂಗಸು, ಮೂರೂ ಕಣ್ಣೆದುರು ಬಂದು ನಿಂತವು.

ತುಳಜಮ್ಮ ನನ್ನ ತಂದೆಯ ಅಕ್ಕ. ಗಂಡ ಬೇಗ ತೀರಿಕೊಂಡಿದ್ದ; ಒಂದಿಷ್ಟು ಕುರಿ, ಮಳೆ ನಂಬಿದ ಹೊಲ, ಒಬ್ಬಳೇ ಮಗಳು ಕಸ್ತೂರಿ. ನಾವು ಭಾಲ್ಕಿಯವರು. ಸಾಲಿಯ ರಜೆ ಬಂದರೆ ಕಸ್ತೂರಿ ನಮ್ಮ ಮನೆಗೆ ಬರಬೇಕು, ಇಲ್ಲವೇ ನಾನು ಅಲ್ಲಿಗೆ ಹೋಗಬೇಕು. ಒಂದೇ ವಯಸ್ಸು, ಒಂದೇ ಎತ್ತರ. ಹಿಂದಿನಿಂದ ನೋಡಿದವರು ಒಬ್ಬಳನ್ನು ಕರೆಯಲು ಹೋಗಿ ಇನ್ನೊಬ್ಬಳನ್ನು ಕರೆಯುತ್ತಿದ್ದರು.

ಆಮೇಲೆ ಬರ ಬಂತು. ಕನ್ನಡದಲ್ಲಿ ನೆನೆಯುವುದೆಂದರೆ ಒದ್ದೆಯಾಗುವುದೂ ಹೌದು, ಸ್ಮರಿಸುವುದೂ ಹೌದು. ಆ ವರ್ಷಗಳಲ್ಲಿ ನಮ್ಮ ನೆಲ ಎರಡನ್ನೂ ಬಿಟ್ಟುಕೊಟ್ಟಿತ್ತು. ಬಾವಿಗಳ ತಳ ಕಂಡಿತು, ಕುರಿಗಳು ಹೋದವು, ಓಣಿ ಓಣಿಯೇ ಬಾಗಿಲಿಗೆ ಚಿಲಕ ಹಾಕಿ ಗುಳೆ ಹೊರಟಿತು. ಕಸ್ತೂರಿಯೂ ಓಣಿಯವರ ಜೊತೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದಳು. ಅಲ್ಲಿ ಒಂದು ಮಧ್ಯಾಹ್ನ ಅರ್ಧ ಕಟ್ಟಿದ ಗೋಡೆ ಕುಸಿಯಿತು. ಗಾಯಗೊಂಡವರನ್ನು ಯಾರು ಯಾರೋ ಎಲ್ಲೆಲ್ಲಿಗೋ ಹೊತ್ತೊಯ್ದರು. ನಮ್ಮವರು ಹುಡುಕುತ್ತ ಹೋಗುವಷ್ಟರಲ್ಲಿ ಕಸ್ತೂರಿ ಸತ್ತವರಲ್ಲೂ ಇರಲಿಲ್ಲ, ಬದುಕಿದವರಲ್ಲೂ ಇರಲಿಲ್ಲ.

ಕೆಲವು ವರ್ಷ ಕಳೆದವು. ನಾನು ಎಂ.ಎಸ್ಸಿ. ಓದುತ್ತಿದ್ದೆ. ಒಂದು ಬೇಸಿಗೆಯಲ್ಲಿ, ಗುಳೆ ಹೋಗಿ ಮರಳುತ್ತಿದ್ದ ಊರಿನ ಹೆಂಗಸರು ದಾರಿಬದಿಯ ಬತ್ತಿದ ಬಾವಿಯ ಕಟ್ಟೆಯ ಮೇಲೆ ಒಬ್ಬಳು ಕುಳಿತಿದ್ದನ್ನು ಕಂಡರಂತೆ. ಹಣೆಯಿಂದ ಗಲ್ಲದವರೆಗೆ ಮುಖ ಸೀಳಿ ಮಾಗಿದ ಗಾಯದ ಗುರುತು. ಯಾರೋ "ಕಸ್ತೂರಿ!" ಎಂದು ಕೂಗಿದರು. ಆಕೆ ತಿರುಗಿ ನೋಡಿದಳು. ಎದ್ದು ಅವರ ಹಿಂದೆಯೇ ನಡೆದು ಬಂದಳು. ಸಾಕ್ಷಿಯೆಂದರೆ ಅಷ್ಟೇ.

ಸುದ್ದಿ ಭಾಲ್ಕಿಗೆ ಬಂದೊಡನೆ ಅಪ್ಪ ನನ್ನನ್ನು ಕಳಿಸಿದರು. "ನೀ ಆಕಿ ಸಂಗಟ ಬೆಳ್ದಾಕಿ. ನಾಕು ದಿನಾ ಇದ್ದು ನೋಡು, ಖರೇನ ಆಕೀನ ಅದಾಳೋ ಇಲ್ಲೋ" ಎಂದರು.

ಊರು ಮುಕ್ಕಾಲು ಖಾಲಿಯಿತ್ತು. ಮುಚ್ಚಿದ ಬಾಗಿಲುಗಳ ಹಿಂದೆ ಗಾಳಿ ಓಡಾಡುವ ಸದ್ದು ಒಳಗೆ ಯಾರೋ ಕಸ ಗುಡಿಸುತ್ತಿರುವಂತೆ ಕೇಳುತ್ತಿತ್ತು. ತುಳಜಮ್ಮತ್ತೆ ನನ್ನನ್ನು ಕಂಡು ಅಳಲಿಲ್ಲ, ನಗಲಿಲ್ಲ. "ಒಳಗ ಅದಾಳ ಶಕ್ಕೂ" ಎಂದಷ್ಟೇ ಹೇಳಿದಳು. ಒಳಗೆ ಕುಳಿತವಳ ಎತ್ತರ ಕಸ್ತೂರಿಯದು, ಬಣ್ಣ ಕಸ್ತೂರಿಯದು. ಮುಖ ಯಾರದಾದರೂ ಆಗಬಹುದಿತ್ತು. ನನ್ನನ್ನೇ ನೋಡಿದಳು. ಆಮೇಲೆ, "ಶಕ್ಕೂ" ಎಂದಳು. ನನ್ನನ್ನು ಹಾಗೆ ಕರೆಯುತ್ತಿದ್ದವಳು ಕಸ್ತೂರಿ. ಆದರೆ ಬಾಗಿಲಲ್ಲಿ ಅತ್ತೆಯೂ ಆಗಷ್ಟೇ ನನ್ನನ್ನು ಹಾಗೆಯೇ ಕರೆದಿದ್ದಳಲ್ಲ?

ಮೊದಮೊದಲು ಆಕೆಗೆ ಏನೂ ನೆನಪಿರಲಿಲ್ಲವಂತೆ. ಊರಲ್ಲಿ ಉಳಿದವರು ಬಂದು ಎದುರಿಗೆ ಕುಳಿತು, ನೀನು ಈ ಹುಣಸೆಯಿಂದ ಬಿದ್ದಿದ್ದೆ, ನೀನು ನನ್ನ ಮೊಮ್ಮಗಳ ತೊಟ್ಟಿಲು ತೂಗಿದ್ದೆ ಎನ್ನುತ್ತಿದ್ದರು. ಕ್ರಮೇಣ ಅವರು ಹೇಳುವ ಮೊದಲೇ ಆಕೆ ಹೇಳತೊಡಗಿದಳು. ಊರಿಗೆ ಅದು ಪವಾಡ. ನನಗೆ ಸಮಾಧಾನವಾಗಲಿಲ್ಲ. ಕಳೆದುಹೋದದ್ದನ್ನು ಊರು ಆಕೆಗೆ ಮರಳಿಸುತ್ತಿದೆಯೋ, ಅಥವಾ ಖಾಲಿಯಾದ ಯಾರೋ ಒಬ್ಬಳೊಳಗೆ ತನ್ನದನ್ನು ತುಂಬುತ್ತಿದೆಯೋ? ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಅದಕ್ಕೇ ನಾನು ಒಂದು ನೆನಪನ್ನು ಬಚ್ಚಿಟ್ಟುಕೊಂಡು ಕಾದೆ. ಅದು ನಮ್ಮಿಬ್ಬರನ್ನು ಬಿಟ್ಟು ಮತ್ತೊಬ್ಬರಿಗೆ ತಿಳಿಯದ್ದು.

ಸಣ್ಣವರಿದ್ದಾಗ ಒಮ್ಮೆ ಮನೆಯವರೆಲ್ಲ ಬೀದರಿನ ಬಳಿಯ ಅಷ್ಟೂರಕ್ಕೆ ಹೋಗಿದ್ದೆವು. ಹಿರಿಯರು ಮರದ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಸುಲ್ತಾನರ ದೊಡ್ಡ ಗೋರಿಗಳಿಂದ ದೂರ, ಹೊಲದಂಚಿನಲ್ಲಿ ಹೆಸರಿಲ್ಲದ ಒಂದು ಚಿಕ್ಕ ಗುಮ್ಮಟ ನಿಂತಿತ್ತು. ಕಸ್ತೂರಿ ಅದರ ಕತ್ತಲೆಯೊಳಗೆ ಹೋದಳು, ನಾನು ಬಿಸಿಲಿನಲ್ಲಿ ಹೊರಗೇ ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಆಕೆಯ ದನಿ ಬಂತು: "ಶಕ್ಕೂ, ಹೆಗಲ ಮ್ಯಾಲಿನ ಕೈ ತೆಗಿ." ನಾನು ಹೊರಗಿನಿಂದಲೇ, "ನಾ ಇಲ್ಲಿ ಅದೀನಿ" ಎಂದೆ. ಆಮೇಲೆ ಆಕೆ ಓಡಿಬಂದಳು, ಮುಖ ಬಿಳಿಚಿತ್ತು. ಇದನ್ನು ಯಾರಿಗೂ ಹೇಳಬಾರದೆಂದು ಇಬ್ಬರೂ ಆಣೆ ಮಾಡಿದೆವು, ಹೇಳಲೂ ಇಲ್ಲ.

ಹಳ್ಳಿಯಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೇ ಜೋಳ ಹಸನು ಮಾಡುತ್ತ ಕುಳಿತಿದ್ದೆವು. ನಾನು ಅಷ್ಟೂರವನ್ನೇ ನೆನೆಯುತ್ತಿದ್ದೆ. ತುಟಿ ಮಾತ್ರ ಬಿಚ್ಚಿರಲಿಲ್ಲ. ಆಕೆ ಮೊರ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತ ಹೇಳಿದಳು: "ಅಷ್ಟೂರದಾಗ ಬಾಳ ಅಂಜಿದ್ನಿ ನಾ. ನಾ ಹೊರಗ ಬಿಸಲಾಗ ನಿಂತಿದ್ನಿ. ನೀ ಒಳಗಿಂದ ಕೂಗಿದಿ, ಹೆಗಲ ಮ್ಯಾಲಿನ ಕೈ ತೆಗಿ ಅಂತ. ನನ್ನ ಕೈ ನೋಡಿಕೊಂಡ್ನಿ. ನನ್ನ ಕೈಯಾಗ ಆಡಿನ ಮರಿ ಇತ್ತು, ಒಂದು ಕಿವಿ ಬಿಳಿದು."

ಯಾರಿಗೂ ಗೊತ್ತಿರದ ಗುಟ್ಟು ಆಕೆಯ ಬಾಯಲ್ಲಿ ಬಂದಿತ್ತು. ಆದರೆ ಒಳಗಿದ್ದವಳು ಕಸ್ತೂರಿ, ಹೊರಗಿದ್ದವಳು ನಾನು. ಆಕೆ ಹೇಳಿದ್ದು ಕಸ್ತೂರಿ ಕಂಡದ್ದನ್ನಲ್ಲ, ನಾನು ಕಂಡದ್ದನ್ನು. ಆಡಿನ ಮರಿ? ಅದನ್ನು ನಾನು ಸಂಪೂರ್ಣ ಮರೆತಿದ್ದೆ. ಆಕೆ ಹೇಳಿದ ಗಳಿಗೆಯಲ್ಲೇ ನನ್ನ ತೋಳುಗಳಿಗೆ ಅದರ ಬಿಸುಪು, ಅದರ ಪುಟ್ಟ ಎದೆಯ ಬಡಿತ ಮರಳಿ ಬಂತು. ನನ್ನಿಂದ ಹೋದದ್ದು ಆಕೆಯಿಂದ ನನಗೇ ವಾಪಸಾಗಿತ್ತು, ನಾನು ಇಟ್ಟುಕೊಂಡಿದ್ದಕ್ಕಿಂತ ಹೆಚ್ಚಾಗಿ. ಅಥವಾ ಆ ದಿನ ಒಳಗೆ ಹೋದವಳು ನಿಜಕ್ಕೂ ನಾನೇ ಆಗಿದ್ದೆನೆ? ಇಷ್ಟು ವರ್ಷ ಕಸ್ತೂರಿಯ ನೆನಪನ್ನು ನನ್ನದೆಂದು ಹೊತ್ತು ತಿರುಗಿದ್ದೆನೆ? ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ನಾನು ಭಾಲ್ಕಿಗೆ ಮರಳುವ ಮುನ್ನವೇ ಇನ್ನೊಂದು ನಡೆಯಿತು. ಗಡಿಯಾಚೆಯ ತೆಲುಗು ಸೀಮೆಯಿಂದ ಸಾಯಿಲು ಎಂಬೊಬ್ಬ ಮನುಷ್ಯ ವಿಚಾರಿಸುತ್ತ ವಿಚಾರಿಸುತ್ತ ಅತ್ತೆಯ ಅಂಗಳಕ್ಕೆ ಬಂದ. ಅವನ ತಂಗಿ ಎಲ್ಲಮ್ಮನೂ ಬರದಲ್ಲಿ ಕೆಲಸಕ್ಕೆಂದು ಹೋಗಿ ಕಾಣೆಯಾಗಿದ್ದಳು. ಮುಖಕ್ಕೆ ಗಾಯವಾದ ಹೆಂಗಸೊಬ್ಬಳು ಇಲ್ಲಿದ್ದಾಳೆಂದು ಯಾರೋ ಹೇಳಿದ್ದರು. ಅತ್ತೆ ಅವನಿಗೆ ನೀರು ಕೊಟ್ಟು, ಒಳಗಿದ್ದವಳನ್ನು ಹೊರಗೆ ಕರೆದಳು.

"ಎಲ್ಲಮ್ಮಾ" ಎಂದ ಅವನು.

ಆಕೆ ತಿರುಗಿ ನೋಡಿದಳು. ಬಾವಿಕಟ್ಟೆಯ ಮೇಲೆ ಕಸ್ತೂರಿ ಎಂದಾಗ ತಿರುಗಿದ್ದಳೆಂದು ಹೇಳುತ್ತಿದ್ದರಲ್ಲ, ಹಾಗೆಯೇ. ಹತ್ತಿರ ಹೋಗಿ ತೆಲುಗಿನಲ್ಲಿ ಏನೋ ಕೇಳಿದಳು. ಆ ಮನುಷ್ಯ ನೀರಿನ ತಂಬಿಗೆಯನ್ನು ಕೆಳಗಿಟ್ಟುಬಿಟ್ಟ.

"ಏನ್ ಕೇಳಿದ್ಳಪ್ಪ?" ಎಂದಳು ಅತ್ತೆ.

"ಅವ್ವ ಯಾವಾಗ ಸತ್ತಳು ಅಂತ ಕೇಳ್ತಾಳರಿ," ಎಂದ ಸಾಯಿಲು ಅರೆಗನ್ನಡದಲ್ಲಿ. "ಅವ್ವ ಹೋಗಿದ್ದು ಮೊನ್ನೆರಿ. ನಾ ಇಲ್ಲಿ ಯಾರಿಗೂ ಹೇಳಿಲ್ಲರಿ."

ಅತ್ತೆ ಎದ್ದು ಆಕೆಯ ಮುಂದೆ ಬಂದು ನಿಂತಳು. "ನೀನ ಹೇಳವ್ವ. ನೀ ಯಾರು?"

ಆಕೆ ಅತ್ತೆಯನ್ನು ನೋಡಿದಳು, ಸಾಯಿಲುವನ್ನು ನೋಡಿದಳು, ನನ್ನನ್ನೂ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. "ನಂಗ ಗೊತ್ತಿಲ್ಲರಿ. ಯಾರ ಕಡಿ ನೋಡ್ತೇನಿ, ಅವರದೇ ನೆನಪಾಗ್ತದರಿ. ಎದುರಿಗಿ ಯಾರೂ ಇಲ್ಲಂದ್ರ ಏನೂ ಇರಂಗಿಲ್ಲ. ಒಳಗ ಬರೇ ಗಾಳಿ."

ಒಂಟಿಯಾದೊಡನೆ ಆಕೆ ಏನೂ ಆಗಿ ಉಳಿಯುತ್ತಿರಲಿಲ್ಲ. ಅದನ್ನು ಯೋಚಿಸಿದಾಗ ಆಕೆಯ ಬಗ್ಗೆ ನನಗಿದ್ದ ಭಯ ಮಾಯವಾಗಿ ಬೇರೊಂದು ಭಯ ಶುರುವಾಯಿತು, ಆಕೆಗಾಗಿ. ಅತ್ತೆ ಆಕೆಯ ಎರಡೂ ಕೈ ಹಿಡಿದುಕೊಂಡಳು. "ಹಂಗಾದ್ರ ನಾ ನಿನ್ನ ಎದುರಿಗೇ ಕುಂದರ್ತೇನಿ ಬಿಡು. ಎಲ್ಲೂ ಹೋಗಂಗಿಲ್ಲ."

ಸಾಯಿಲು ಹಗ್ಗದ ಮಂಚದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಕಡೆಗೆ, "ನಮ್ಮ ಮನ್ಯಾಗ ಈಗ ಕುಂದರೋರು ಯಾರೂ ಇಲ್ಲರಿ. ನಾನೂ ಕೂಲಿಗಿ ಹೋಗ್ತೇನಿ. ಇಲ್ಲೇ ಇರ್ಲಿರಿ. ನಾ ಬಂದು ನೋಡಿ ಹೋಗ್ತೇನಿ" ಎಂದ. ಹೇಳಿದಂತೆ ಪ್ರತಿ ಯುಗಾದಿಗೆ ಬರುತ್ತಿದ್ದ. ಅವನಿದ್ದಷ್ಟು ದಿನ ಆಕೆ ತೆಲುಗಿನಲ್ಲಿ ನಗುತ್ತಿದ್ದಳು, ತೀರಿಹೋದ ತಾಯಿಯ ಅಡುಗೆಗಳನ್ನು ಅವನಿಗೆ ಮಾಡಿ ಬಡಿಸುತ್ತಿದ್ದಳು. ಅವನು ಓಣಿಯ ತಿರುವು ದಾಟಿ ಮರೆಯಾದೊಡನೆ ಕಸ್ತೂರಿಯಾಗಿ ಒಳಗೆ ಬರುತ್ತಿದ್ದಳು. ಆ ತಿರುವಿಗೂ ಹೊಸ್ತಿಲಿಗೂ ನಡುವಿನ ನಾಲ್ಕು ಮಾರಿನಲ್ಲಿ ಆಕೆಯ ಮುಖ ನೋಡುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಮಳೆ ಮರಳಿತು. ಗುಳೆ ಹೋದವರಲ್ಲಿ ಎಷ್ಟೋ ಜನ ಮರಳಿದರು, ಎಷ್ಟೋ ಜನ ಹೋದಲ್ಲೇ ಬೇರು ಬಿಟ್ಟರು. ನಾನು ಬೀದರಿನಲ್ಲಿ ನೌಕರಿ ಹಿಡಿದೆ. ತುಳಜಮ್ಮತ್ತೆ ಕೊಟ್ಟ ಮಾತಿನಂತೆ ಆಕೆಯನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಮದುವೆ ಮುಂಜಿಗೂ ಇಬ್ಬರೂ ಜೊತೆಯಲ್ಲೇ ಬರುತ್ತಿದ್ದರು, ಎದುರುಬದುರು ಕುಳಿತು ಉಣ್ಣುತ್ತಿದ್ದರು. ಮುದುಕಿಯಾದ ಅತ್ತೆ ಹಾಸಿಗೆ ಹಿಡಿದಾಗ ನಾನು ಹೋಗಿದ್ದೆ. ಕಸ್ತೂರಿಯೆಂದು ಮನೆಯಲ್ಲಿದ್ದಾಕೆ ನೀರು ತರಲು ಹೊರಗೆ ಹೋಗಿದ್ದಳು. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಆಗ ಕೇಳಿದೆ: "ಅತ್ತಿ, ಇಕಿ ನಮ್ಮ ಕಸ್ತೂರೀನ ಏನು?"

ಅತ್ತೆ ಸೂರಿನ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು: "ಅಲ್ಲ ಅಂತ ಬಂದ ದಿನಾನ ಗೊತ್ತಾಗಿತ್ತು ಶಕ್ಕೂ. ಹೆತ್ತಾಕಿಗಿ ಗೊತ್ತಾಗಂಗಿಲ್ಲೇನು? ಈಗ ಮಾತ್ರ ಗೊತ್ತಾಗಂಗಿಲ್ಲ ನೋಡು."

ಅದಾದ ಸ್ವಲ್ಪ ದಿನಕ್ಕೆ ಅತ್ತೆ ಹೋದಳು. ಮಣ್ಣು ಮಾಡಿ ಬಂದ ಜನ ಚದುರಿದರು. ಸಾಯಿಲು ಬಸ್ಸಿಗೆ ಹೋದ. ನಾನು ಬಾವಿಯ ಕಡೆ ಹೋಗಿ ಮುಖ ತೊಳೆದುಕೊಂಡು ಬರುವಷ್ಟರಲ್ಲಿ, ಆಕೆಯನ್ನು ಒಂಟಿಯಾಗಿ ಬಿಟ್ಟು ಬಂದೆನಲ್ಲಾ ಎಂಬುದು ನೆನಪಾಯಿತು. ಓಡಿದೆ. ಬಾಗಿಲು ತೆರೆದಿತ್ತು. ಆಕೆ ಬರಿಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಎದುರಿಗೆ ಯಾರೂ ಇರಲಿಲ್ಲ. ಒಳಗಿನ ಗಾಳಿಯನ್ನಷ್ಟೇ ಕೇಳುತ್ತ ಕುಳಿತಿರಬಹುದೆಂದು ಅಂಜುತ್ತ ಹತ್ತಿರ ಹೋದರೆ, ಆಕೆಯ ಭುಜಗಳು ಅಲುಗುತ್ತಿದ್ದವು. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ನಾನು ಆಕೆಯ ಕಣ್ಣಿಗೆ ಬೀಳದಂತೆ ಹಿಂದೆಯೇ ನಿಂತು ಕೇಳಿದೆ: "ಯಾರ ನೆನಪಾತು?"

"ಅವ್ವಂದು" ಎಂದಳು.

"ಯಾರ ಅವ್ವ?"

ಆಕೆ ತಿರುಗಿ ನೋಡಲಿಲ್ಲ. ಗೋಡೆಯ ಕಡೆಗೇ ಮುಖವಿಟ್ಟು, ಮೊಟ್ಟಮೊದಲ ಬಾರಿ ಯಾರ ಕಣ್ಣಿನಿಂದಲೂ ಎರವಲು ಪಡೆಯದೆ ಹೇಳಿದಳು: "ನನ್ನ ಅವ್ವ."